ವೀಬ್ರೆನ್‌ನ ಮದುವೆಗೆ ಸರ್ವಾನುಮತ

ನಮ್ಮ ಫ್ರೀಸ್‌ಲ್ಯಾಂಡಿನ ನೆಲ ಸಮುದ್ರಕ್ಕಿಂತ ತಗ್ಗು. ಒಬ್ಬ ತನ್ನ ಹೊಲದ ನೀರನ್ನು ಬೆರಳಷ್ಟು ಇಳಿಸಿದರೆ ಇನ್ನೊಬ್ಬನ ದೋಣಿ ಕೆಸರಿನಲ್ಲಿ ಕೂರುತ್ತದೆ. ಹಾಗಾಗಿ ಇಲ್ಲಿ ಯಾರೂ ಯಾವುದನ್ನೂ ಒಬ್ಬರೇ ತೀರ್ಮಾನಿಸುವುದಿಲ್ಲ. ಕಾಲುವೆ ಸಮಿತಿಯ ಅಧ್ಯಕ್ಷ ವೀಬ್ರೆನ್‌ಗಂತೂ ಇದು ಮೂಳೆಗಿಳಿದಿತ್ತು. ಸೀನು ಬಂದರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಯಾರದೂ ಆಕ್ಷೇಪವಿಲ್ಲವೆಂದು ಖಾತ್ರಿಯಾದ ಮೇಲೇ ಸೀನುತ್ತಿದ್ದ. ಕಾದು ಕಾದು ಎಷ್ಟೋ ಸೀನುಗಳು ಬೇಸತ್ತು ವಾಪಸು ಹೋಗಿವೆ.

ಇಂಥವನಿಗೆ ಐವತ್ತು ದಾಟಿದ ಮೇಲೆ, ನಾವು ಸಭೆ ಸೇರುವ ಕಾಫಿ ಅಂಗಡಿಯ ಒಡತಿ, ವಿಧವೆ ಬೌಕ್ಯೆಯ ಮೇಲೆ ಮನಸ್ಸಾಯಿತು. ಆಕೆಯೋ ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೊರಟು ನಿಂತಿದ್ದಳು. ತಡಮಾಡಿದರೆ ಕೈತಪ್ಪುತ್ತಾಳೆಂದು ವೀಬ್ರೆನ್ ತುರ್ತುಸಭೆ ಕರೆದ. ಬೌಕ್ಯೆ ಒಳಗೆ ಕಾಫಿ ಕಾಸುತ್ತಿದ್ದಳು.

"ಮದ್ವೆ ಆಗೋ ಮಾರಾಯ, ಬೇಡ ಅಂದೋರ್ಯಾರು? ಹುಲ್ಲು ಕೊಯ್ಯೋ ಕಾಲದಲ್ಲಿ ಮಾತ್ರ ಬೇಡ. ನಾವು ಊಟಕ್ಕೆ ಬರೋದು ಹೇಗೆ?" ಎಂದ ರೈತರ ಪರವಾಗಿ ಗೋಸ್ಸೆ.

"ಹಕ್ಕಿ ಮೊಟ್ಟೆ ಇಡೋವಾಗಲೂ ಬೇಡ. ವಾದ್ಯ ಅಂತೂ ಬೇಡವೇ ಬೇಡ, ಮರಿಗಳು ಬೆಚ್ಚಿಬೀಳ್ತವೆ," ಎಂದಳು ಹಕ್ಕಿಗಳ ಪರವಾಗಿ ಡೀವ್ಕೆ.

"ಮೊದ್ಲು ಈ ಮದುಮಗನಿಗೆ ಹಾಡಬೇಡ ಅನ್ನಿ. ಮೀನೆಲ್ಲಾ ಪಕ್ಕದ ಕಾಲುವೆಗೆ ಓಡ್ತವೆ," ಎಂದೆ ದೋಣಿಯವರ ಪರವಾಗಿ ನಾನು.

ಚರ್ಚೆ ಎಷ್ಟು ಬೆಳೆಯಿತೆಂದರೆ, ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದ ಗೋಸ್ಸೆಯ ಗಡ್ಡದಲ್ಲಿ ಡೀವ್ಕೆಯ ಹಕ್ಕಿಗಳು ಗೂಡು ಕಟ್ಟಬಹುದಿತ್ತು. ಕೊನೆಗೆ ಸರ್ವಾನುಮತವಾಯಿತು: ಮದುವೆ ಶರತ್ಕಾಲದಲ್ಲಿ, ಸದ್ದಿಲ್ಲದೆ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಕಾಫಿಯ ಜೊತೆ ತಲೆಗೊಂದರಂತೆ ಬಿಸ್ಕತ್ತು ಹಿಡಿದು ಬೌಕ್ಯೆ ಹೊರಬಂದಳು. "ಯಾರ ಮದ್ವೆ?"

"ನಿಂದೇ," ಎಂದ ಗೋಸ್ಸೆ.

"ನನ್ನನ್ನ ಕೇಳಿದ್ದು ಯಾರು?"

ನಾವು ಬಾತುಕೋಳಿಗಳ ಅಭಿಪ್ರಾಯವನ್ನೂ ಪಡೆದಿದ್ದೆವು. ಹೆಣ್ಣನ್ನು ಕೇಳುವುದೊಂದನ್ನು ಮರೆತಿದ್ದೆವು.

"ಅಧ್ಯಕ್ಷರೇ, ಕೇಳೋದಿದ್ರೆ ನೀವೊಬ್ಬರೇ ಕೇಳಿ. ಈ ಸಂತೆ ಎಲ್ಲ ನಂಗೆ ಬೇಡ," ಎಂದಳು ಬೌಕ್ಯೆ.

ವೀಬ್ರೆನ್ ಅಭ್ಯಾಸಬಲದಿಂದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಿವಿಯ ತನಕ ಕೆಂಪಾದ. "ಎಲ್ಲರೂ ಹೊರಗೆ!"

"ಇದಕ್ಕೆ ಮತ ಹಾಕ್ಬೇಕಲ್ವಾ?" ಎಂದ ಗೋಸ್ಸೆ.

"ಹೊರಗೆ ಅಂದೆ!"

ಮಳೆಯಲ್ಲಿ ನಿಂತು ಕಿಟಕಿಗೆ ಮೂಗು ಒತ್ತಿ ನೋಡಿದೆವು. ವೀಬ್ರೆನ್ ಏನೋ ತೊದಲಿದ. ಬೌಕ್ಯೆ ಅವನನ್ನು ಸಾಕಷ್ಟು ಬೆವರಿಸಿ, ಆಮೇಲೆ ಒಪ್ಪಿಗೆಯೆಂದು ತಲೆಯಾಡಿಸಿ, ಮಿಕ್ಕ ಬಿಸ್ಕತ್ತುಗಳನ್ನೆಲ್ಲ ಅವನ ಮುಂದೆ ಸುರಿದಳು. ನಾವು ಒಳಗೆ ಹೋಗಿ ಶುಭಾಶಯ ಹೇಳಬಹುದೇ ಎಂದು ಅಲ್ಲೇ ಚರ್ಚೆ ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ಅವರಿಬ್ಬರೂ ಹುಲ್ಲು ಕೊಯ್ಯುವ ಕಾಲದಲ್ಲೇ, ಕಹಳೆ ಊದಿಸಿಕೊಂಡು ಮದುವೆಯಾಗಿದ್ದರು.