ನಡುನೀರಿನ ಅಂಕಿ

ಗಡಿ ನದಿಯ ಈಚೆ ದಡದಲ್ಲಿ ನೀರಿನ ಮಟ್ಟ ಅಳೆಯುವವನಿಗೆ ಊರಿನವರು ಇಟ್ಟ ಹೆಸರು ಅಂಗುಲಪ್ಪ. ಇಪ್ಪತ್ತು ವರ್ಷ ಅವನು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅಳತೆಗಂಬ ನೋಡಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ದೋಣಿ ಹತ್ತುತ್ತಿದ್ದ. ನಡುನೀರಿನಲ್ಲಿ ಆಚೆ ದೇಶದ ಅಳತೆಗಾರ ಕಾಯುತ್ತಿದ್ದ. ಇಬ್ಬರೂ ಒಂದೇ ಅಂಕಿ ಬರೆದು, ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಸಹಿ ಹಾಕಬೇಕು. ಎರಡು ದೇಶಗಳ ಜಂಟಿ ಆಯೋಗದ ನಿಯಮ ಅದು.

ಆದರೆ ಈಚೆ ಕಂಬ ಆಚೆ ಕಂಬಕ್ಕಿಂತ ಎರಡು ಅಂಗುಲ ಹೆಚ್ಚು ತೋರಿಸುತ್ತಿತ್ತು. ಯಾವ ಕಂಬ ಸರಿ ಎಂದು ತೀರ್ಮಾನಿಸಲು ಆಯೋಗ ಹದಿನಾಲ್ಕು ಸಭೆ ಕರೆದು, ಹದಿನೈದನೆಯದಕ್ಕೆ ದಿನ ಗೊತ್ತುಮಾಡಿ ಎದ್ದಿತ್ತು. "ಭಾವ, ನೀನು ಒಂದಂಗುಲ ಇಳಿ, ನಾನು ಒಂದಂಗುಲ ಏರ್ತೀನಿ. ದೊಡ್ಡವರು ಮಾತಾಡ್ಕೊಳ್ಳಲಿ," ಎಂದಿದ್ದ ಆಚೆಯವನು. ನೆಂಟಸ್ತಿಕೆ ಏನೂ ಇಲ್ಲದಿದ್ದರೂ ಅಂದಿನಿಂದ ಇಬ್ಬರೂ ಭಾವಂದಿರು. ಅಂಗುಲಪ್ಪನ ಹೆಂಡತಿ ತೀರಿಕೊಂಡಾಗ ತಿಂಗಳುಗಟ್ಟಲೆ ಬುತ್ತಿ ತಂದು ದೋಣಿಯಲ್ಲೇ ಉಣ್ಣಿಸಿದವನು ಈ ಭಾವನೇ.

ಆಮೇಲೆ ದೇಶಗಳು ಮುನಿಸಿಕೊಂಡವು. ಆಯೋಗಕ್ಕೆ ಬೀಗ ಬಿತ್ತು, ದೋಣಿ ದಡದಲ್ಲಿ ಬೋರಲು ಬಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ಅಂಗುಲಪ್ಪ ಒಂಟಿಯಾದ. ಅಳತೆ ಮಾತ್ರ ಬಿಡಲಿಲ್ಲ. ಕಂಬ ನೋಡುವನು, ಒಂದಂಗುಲ ಇಳಿಸಿ ಬರೆಯುವನು.

"ಅಣ್ಣಾ, ಯಾರಿಗೋಸ್ಕರ ಇಳಿಸ್ತೀಯ? ಯಾರು ಕೇಳ್ತಾರೆ?" ಎಂದು ತಂಗಿ ಫೋನಿನಲ್ಲಿ ರೇಗುತ್ತಿದ್ದಳು.

"ಅವನೂ ಏರಿಸ್ತಿರ್ತಾನೆ ಕಣೇ."

ಹನ್ನೆರಡಕ್ಕೆ ಆಚೆ ದಡದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು. ಅಗಲವಾದ ನದಿ, ಮುಖ ತಿಳಿಯದು. ಕೈಬೀಸಬಾರದೆಂದು ಆಜ್ಞೆ ಬೇರೆ. ಆ ಚುಕ್ಕೆ ನೋಡಿದ ಮೇಲೆಯೇ ಅವನಿಗೆ ಊಟ ಸೇರುತ್ತಿದ್ದದ್ದು.

ಹನ್ನೊಂದು ವರ್ಷದ ಮೇಲೆ ದೇಶಗಳಿಗೆ ಬುದ್ಧಿ ಬಂತು. ಆಯೋಗಕ್ಕೆ ಹೊಸ ನಿಯಮ, ಹೊಸ ಅಧಿಕಾರಿಗಳು. ಅಂಗುಲಪ್ಪನಿಗೆ ಬೇಕಾದದ್ದು ಇಷ್ಟೇ: ದೋಣಿ ಬಿಡಬೇಕು, ಎದುರಿಗೆ ಭಾವ ಕೂರಬೇಕು. ಅಂಗಿಗೆ ಇಸ್ತ್ರಿ ಹಾಕಿಸಿ, ಹನ್ನೊಂದು ಪುಸ್ತಕ ಹೊತ್ತು ಆಯೋಗದ ಕಚೇರಿಗೆ ಹೋದ.

ಅಲ್ಲಿನ ಮೇಡಂ ಅವನ್ನು ಆಚೆ ಕಡೆಯ ಪುಸ್ತಕಗಳ ಪಕ್ಕ ಇಟ್ಟು ಸಾಲುಸಾಲಾಗಿ ಬೆರಳಾಡಿಸಿದರು. "ಎರಡು ದೇಶ ಮಾತು ಬಿಟ್ಟಿದ್ವು. ಆದ್ರೂ ಎಂಟು ವರ್ಷ ನಿಮ್ಮ ಅಂಕಿಗಳಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ. ನೀವಿಬ್ರೂ ಗುಟ್ಟಾಗಿ ಸೇರ್ಕೊಂಡು ಬರೆದಿದೀರಿ. ಇವನ್ನ ಒಪ್ಪೋಕಾಗಲ್ಲ."

ಅಂಗುಲಪ್ಪನಿಗೆ ಬೇಸರವಾಗಲಿಲ್ಲ, ಎದೆ ತುಂಬಿತು. ಭಾವ ಏರಿಸಿದ್ದ, ಒಂದು ದಿನವೂ ತಪ್ಪದೆ.

"ಸೇರಿಲ್ಲ ಮೇಡಂ. ಅವನು ಏನು ಬರೀತಾನೆ ಅಂತ ನಂಗೆ ಗೊತ್ತಿತ್ತು."

ಮೇಡಂ ನಂಬಲಿಲ್ಲ. ಹಾಳೆ ಮಗುಚಿದರು. "ಕೊನೇ ಮೂರು ವರ್ಷದ್ದು ತಗೋಬಹುದು, ಅದು ಸರಿಯಾಗಿದೆ. ನೋಡಿ, ಇಲ್ಲಿಂದ ದಿನಾ ಒಂದಂಗುಲ ವ್ಯತ್ಯಾಸ ಬಂದಿದೆ."

ಅವನು ಬಾಗಿ ನೋಡಿದ. ಆಚೆಯ ಅಂಕಿ ತನ್ನದಕ್ಕಿಂತ ಒಂದಂಗುಲ ಕಡಿಮೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಆಚೆ ಕಂಬ ತೋರಿಸಿದ್ದನ್ನು ಯಾರೋ ಏರಿಸದೆ, ಇದ್ದದ್ದು ಇದ್ದಹಾಗೆ ಬರೆದಿದ್ದರು. ಉಸಿರಿರುವ ತನಕ ಭಾವ ಆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ.

ವ್ಯತ್ಯಾಸ ಶುರುವಾದ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: "ಮೇಡಂ, ಈ ಮೊದಲನೇ ಸಾಲಿನ ತಾರೀಕು ಒಂದು ಚೀಟೀಲಿ ಬರ್ಕೊಡ್ತೀರಾ? ನಮ್ಮ ಭಾವ ಹೋದ ದಿನ ಅದು."