ಸ್ವಿಚ್ಚಿನ ಹೊಟ್ಟೆಯ ಭಂಡಾರ

ನನ್ನ ಹಳೆಯ ಟ್ರಕ್ಕಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಗಾಜು ಇಳಿಯಿತೆಂದರೆ ಏರುವುದಿಲ್ಲ. ಅದನ್ನೆಲ್ಲ ಸಹಿಸುತ್ತೇನೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕಿಸುವ ಸ್ವಿಚ್ಚು ಮಾತ್ರ ಕೆಡಬಾರದು. ತುರೋರಿ ಊರಿನ ಹತ್ತಿರ ಅಪ್ಪ ದಿನಾ ಬೆಳಿಗ್ಗೆ ಕುರಿಗಳನ್ನು ಹೆದ್ದಾರಿ ದಾಟಿಸುತ್ತಾನೆ. ಉದಗೀರಕ್ಕೆ ಬಾಡಿಗೆ ಹೊರಡುವ ಮುಂಚೆ ನಾನು ಅಲ್ಲಿ ಟ್ರಕ್ಕು ನಿಲ್ಲಿಸಿ, ದೀಪ ಮಿಣುಕಿಸಿ, ಹಿಂದೆ ಬರುವ ಗಾಡಿಗಳನ್ನು ತಡೆಯುತ್ತೇನೆ. ಹಿಂಡಿನ ಕೊನೆಗೆ ಒಂದು ಕುಂಟು ಕುರಿ, ಅದರ ಹಿಂದೆ ಅಪ್ಪ. ಇಬ್ಬರಿಗೂ ಅವಸರವೆಂಬುದೇ ಗೊತ್ತಿಲ್ಲ.

ಅವತ್ತು ಸ್ವಿಚ್ಚು ಒತ್ತಿದೆ, ದೀಪ ಹತ್ತಲಿಲ್ಲ. ಹಿಂದಿನಿಂದ ಬಂದ ಬಸ್ಸು ಕಿರ್ರನೆ ಬ್ರೇಕು ಹಾಕಿ, ಪಕ್ಕಕ್ಕೆ ಸರಿದು, ಅಪ್ಪನಿಗೆ ಮೊಳ ದೂರದಲ್ಲಿ ನಿಂತಿತು. ಅಪ್ಪ ಡ್ರೈವರನಿಗೆ ಕೈಮುಗಿದು, "ಬೀರಪ್ಪ ಅದಾನ್ರೀ, ಏನೂ ಆಗಲ್ಲ" ಎಂದ.

ಕುರಿ ಕಾಯುವವರ ದೇವರು ಬೀರಪ್ಪ ಇದ್ದಾನೆ, ಸರಿ, ಸ್ವಿಚ್ಚೂ ಇರಬೇಕಲ್ಲ! ಸಿಟ್ಟಿನಲ್ಲೇ ಉಮರ್ಗಾದ ವೈರಿಂಗ್ ಮಿಸ್ತ್ರಿಯ ಹತ್ತಿರ ಹೋದೆ. ಅವನು ಬ್ಯಾಟರಿಯ ತಂತಿ ಬಿಚ್ಚಿ, ಡ್ಯಾಶ್‌ಬೋರ್ಡಿನಿಂದ ಹಳೆಯ ಸ್ವಿಚ್ಚು ಕಿತ್ತು, ಅಂಗೈಗೆ ಬಡಿದ. ಹಳದಿ ಪುಡಿ ಉದುರಿತು.

"ಹೇ ಬಘಾ, ನೋಡ್ರಿ ಮಾಲಕ್, ನಿಮ್ಮ ಸ್ವಿಚ್ಚಿಗಿ ಕಾಮಣಿ ಆಗ್ಯಾದ!"

ಕಾಮಾಲೆಯ ಈ ತಮಾಷೆಗೆ ನನಗೆ ನಗು ಬರಲಿಲ್ಲ. ಅದು ಬೀರಪ್ಪನ ಭಂಡಾರ, ಅರಿಶಿನದ ಪುಡಿ. ನಾನು ಬಾಡಿಗೆಗೆ ಹೊರಟಾಗೆಲ್ಲ ಅಪ್ಪ ಟ್ರಕ್ಕಿನ ಮೆಟ್ಟಿಲು ಹತ್ತಿ, ಕಿಟಕಿಯಿಂದ ಕೈಚಾಚಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ಚಿಟಿಕೆ ಹಾರಿಸುತ್ತಾನೆ. ಮಗ ಕ್ಷೇಮವಾಗಿ ಬರಲೆಂದು ವರ್ಷಗಟ್ಟಲೆ ಹಾರಿಸಿದ್ದು ಸ್ವಿಚ್ಚಿನ ಹೊಟ್ಟೆ ಸೇರಿತ್ತು. ಮಿಸ್ತ್ರಿ ತಂತಿಗಳನ್ನು ಹೊಸ ಸ್ವಿಚ್ಚಿಗೆ ಚುಚ್ಚಿ, ಬ್ಯಾಟರಿ ಮತ್ತೆ ಜೋಡಿಸಿ, ಒತ್ತಿದ. ನಾಲ್ಕೂ ದೀಪ ಮಿಣುಕಿದವು.

"ಈಗರೆ ಭಂಡಾರ ಬಂದ್ ಮಾಡಂತ ಹೇಳ್ರಿ ನಿಮ್ಮಪ್ಪಗ," ಎಂದ.

ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನಿನ್ನ ಆಶೀರ್ವಾದವೇ ನಿನ್ನನ್ನು ಬಸ್ಸಿನಡಿಗೆ ಹಾಕುತ್ತಿತ್ತು ಎಂದು ಯಾವ ಮಗ ಹೇಳುತ್ತಾನೆ? ಹೇಳದಿದ್ದರೆ ಹೊಸ ಸ್ವಿಚ್ಚಿಗೂ ಅದೇ ಗತಿ.

ಮರುದಿನ ದೀಪ ಮಿಣುಕಿತು, ಕುರಿ ದಾಟಿದವು. ಆಮೇಲೆ ಅಪ್ಪ ಮೆಟ್ಟಿಲು ಹತ್ತಿ, ಸೊಂಟದ ಚೀಲಕ್ಕೆ ಕೈಹಾಕಿದ.

"ಹೊಸಾದು ಹಾಕ್ಸಿದ್ಯೇನೋ? ತಡಿ, ಅದಕ್ಕೂ ಒಂಚೂರು ಹಾಕ್ತೀನಿ."

ಜೋಡಿಸಿದ ಮಾತೆಲ್ಲ ಎಲ್ಲೋ ಹೋಯಿತು. ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿ, "ಅಪ್ಪಾ, ನನ್ನ ಕೈಮ್ಯಾಲ ಹಾಕು," ಅಂದೆ.

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕೈಮೇಲೆ ಭಂಡಾರ ಹಾಕಿ, ಹೆಬ್ಬೆರಳಿನಿಂದ ತಿಕ್ಕಿದ.

"ಸಣ್ಣಂವ ಇದ್ದಾಗ ಹಚ್ಚಾಕ ಬಂದ್ರ ಓಡಿ ಹೋಗ್ತಿದ್ದಿ," ಎಂದ.

ಅವನು ಈಗ ಡ್ಯಾಶ್‌ಬೋರ್ಡಿಗೆ ಹಾರಿಸುವುದಿಲ್ಲ. ಮೆಟ್ಟಿಲು ಹತ್ತುವ ಕಷ್ಟವೂ ಅವನಿಗಿಲ್ಲ. ಹೊರಡುವ ಮುಂಚೆ ನಾನೇ ಕಿಟಕಿಯಿಂದ ಕೈ ಚಾಚುತ್ತೇನೆ.