ಹದಿನಾರು ಸಾಲಿನ ಖಾಲಿ ಜಾಗ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಟೊರೊಂಟೊದಲ್ಲಿ ರ‍್ಯಾಪರ್ ಆಗಿದ್ದೆ ಎಂದರೆ ಈಗ ನಾನಿರುವ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಯಾರೂ ನಂಬುವುದಿಲ್ಲ. ಕನ್ನಡಿ ನೋಡಿಕೊಂಡರೆ ನಾನೂ ನಂಬುವುದಿಲ್ಲ. ಮೈಸೂರಿನಿಂದ ಹದಿನೈದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋದೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಜಮೈಕಾ ಮೂಲದವನು. ಅವನ ಮನೆಯ ಬೇಸ್‌ಮೆಂಟಿನಲ್ಲಿ ಎರಡು ಟರ್ನ್‌ಟೇಬಲ್, ಒಂದು ಮೈಕು. ಬೀಟ್ ಅವನದು, ಪದ ಇಬ್ಬರದೂ. ಕೆನಡಾದ ದೊಡ್ಡ ರೇಡಿಯೊಗಳಿಗೆ ಆಗ ರ‍್ಯಾಪ್ ಎಂದರೆ ನ್ಯೂಯಾರ್ಕಿನ ಸಾಮಾನು, ಮನೆಯಲ್ಲಿ ಮಾಡಿದ್ದು ರುಚಿಸುತ್ತಿರಲಿಲ್ಲ. ಕಾಲೇಜು ರೇಡಿಯೊ ಒಂದೇ ನಮಗೆ ಗತಿ. ಒಂದು ರೆಕಾರ್ಡು ತಂದೆವು. ಅಮೆರಿಕದ ದೊಡ್ಡವರು ಹಾಡಲು ಬಂದಾಗ, ಜನ ಇನ್ನೂ ಸೀಟು ಹುಡುಕುತ್ತಿರುವಾಗ, ಮೊದಲು ಹಾಡುವವರು ನಾವು.

ಎರಡನೆಯ ರೆಕಾರ್ಡು ಅರ್ಧವಾಗಿತ್ತು. ಅಷ್ಟರಲ್ಲಿ ನನಗೆ ವರ್ಜೀನಿಯಾದಲ್ಲಿ ಕೆಲಸ ಸಿಕ್ಕಿತು. ಕೆಲಸದ ವಿಷಯ ಅವನಿಗೆ ತಿಳಿಸಿ, ಸ್ಟುಡಿಯೊ ಬಾಗಿಲಲ್ಲಿ ನಿಂತು, ಇಂಗ್ಲಿಷಿನಲ್ಲಿ, "ಸರಿ, ಬರ್ತೀನಿ" ಎಂದೆ. ನಮ್ಮ ಮನೆಯಲ್ಲಿ ಹೊರಡುವಾಗ "ಹೋಗ್ತೀನಿ" ಎಂದರೆ ಅಪಶಕುನ. ಬಾಯಿ ತಪ್ಪಿ ಅಂದರೂ ಅಮ್ಮ ಗೇಟಿನಿಂದ ವಾಪಸು ಕರೆದು "ಹೋಗಿ ಬರ್ತೀನಿ" ಅನ್ನಿಸಿಯೇ ಕಳಿಸುತ್ತಿದ್ದಳು. ಆ ರೂಢಿಯನ್ನೇ ಇಂಗ್ಲಿಷಿಗೆ ತಂದಿದ್ದೆ. ನಾನು ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ನಾನಿಲ್ಲದಾಗ ಅವನ ಒಂದೆರಡು ಫೋನು ಬಂದವು, ನಾನು ತಿರುಗಿ ಮಾಡಲಿಲ್ಲ, ಆಮೇಲೆ ಅವೂ ನಿಂತವು.

ಕೋವಿಡ್ ಗಲಾಟೆ ತಗ್ಗಿದ ಮೇಲೆ ಒಂದು ದಿನ ಅವನ ಫೋನು ಬಂತು. ಈಗ ಅಟ್ಲಾಂಟಾ ಹತ್ತಿರ ನಾರ್‌ಕ್ರಾಸಿನಲ್ಲಿದ್ದಾನಂತೆ. ಸಣ್ಣ ಕಂಪನಿಯೊಂದು ನಮ್ಮ ಹಳೆಯ ರೆಕಾರ್ಡನ್ನೂ ಅರ್ಧಕ್ಕೆ ನಿಂತದ್ದನ್ನೂ ಸೇರಿಸಿ ಹೊರತರುತ್ತದಂತೆ. "ಒಮ್ಮೆ ಬಂದು ಹೋಗು" ಎಂದ. ಹಾಡಿಗೆ ಹದಿನಾರು ಸಾಲಿನ ನನ್ನ ಭಾಗ ಹಾಡಿಸುವುದಕ್ಕೇ ಕರೆಯುತ್ತಿದ್ದಾನೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಹೆಂಡತಿ. "ಹೋಗ್ಲಿ, ಫ್ಲೈಟ್ ಬುಕ್ ಮಾಡ್ಬಾರ್ದಾ?"

"ಇಲ್ಲ, ಡ್ರೈವ್ ಮಾಡ್ತೀನಿ. ದಾರೀಲಿ ಪ್ರಾಕ್ಟೀಸ್ ಮಾಡ್ಬೇಕು."

ದಾರಿಯಲ್ಲಿನ ಎರಡೂ ಕೆರೊಲಿನಾ ರಾಜ್ಯಗಳು ಆ ಹದಿನಾರು ಸಾಲಿನ ಅಭ್ಯಾಸದಲ್ಲೇ ಕಳೆದವು. ಶಾರ್ಲಟ್ ಹತ್ತಿರ ಒಂಬತ್ತನೆಯ ಸಾಲಿಗೇ ಉಸಿರು ಕಟ್ಟಿತು. ರೆಸ್ಟ್ ಏರಿಯಾದಲ್ಲಿ ಪಕ್ಕದ ಲಾರಿಯವನು ನನ್ನನ್ನೇ ನೋಡುತ್ತಿದ್ದ. ಯಾರ ಜೊತೆಗೋ ಜಗಳವಾಡುತ್ತಿದ್ದೇನೆ ಎಂದುಕೊಂಡಿರಬೇಕು. ನಿಜ ಹೇಳಬೇಕೆಂದರೆ ತುಂಬ ಖುಷಿಯಾಗಿದ್ದೆ.

ನಾರ್‌ಕ್ರಾಸಿನಲ್ಲಿ ಬಾಗಿಲು ತೆರೆದ ಗೆಳೆಯನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗೆಂದು ಹತ್ತಿರದ ಇಂಡಿಯನ್ ಅಂಗಡಿಯಿಂದ ಖಾರಾ ಮಿಕ್ಸ್‌ಚರ್ ತಂದಿಟ್ಟಿದ್ದ. ಹೆಚ್ಚು ಮಾತಿಲ್ಲದೆ ಹಳೆಯ ಟೇಪು ಹಾಕಿದ. ಮೊದಲು ಅವನ ದನಿ. ಆಮೇಲೆ ಹದಿನಾರು ಸಾಲಿನಷ್ಟು ಹೊತ್ತು ಬರೀ ಬೀಟು. ಮತ್ತೆ ಅವನ ದನಿ. ಮುಂದಿನ ಹಾಡೂ ಹಾಗೆಯೇ. ಅದರ ಮುಂದಿನದೂ ಹಾಗೆಯೇ.

"ಬರ್ತೀನಿ ಅಂದಿದ್ದೆಯಲ್ಲ," ಎಂದ. "ಜಾಗ ಬಿಟ್ಟಿದ್ದೆ."

ಅಮ್ಮನ ಗೇಟಿನ ಕಥೆಯನ್ನು ಪೂರ್ತಿ ಹೇಳಿದೆ. ತಾಳ್ಮೆಯಿಂದ ಕೇಳಿದ.

"ಅಂದರೆ ನಿಮ್ಮಲ್ಲಿ ಬರ್ತೀನಿ ಅಂದರೆ ಹೋಗ್ತೀನಿ ಅಂತ."

"ಹೌದು."

"ನಾನು ಎರಡು ವರ್ಷ ಕಾದೆ."

ಕೋಪವಿರಲಿಲ್ಲ, ಹವಾಮಾನ ಹೇಳಿದಂತೆ ಹೇಳಿದ. ನನಗೆ ನಾಚಿಕೆಯಾಯಿತು. ಮಾತಿನ ತಪ್ಪು ಅರ್ಧ ಮಾತ್ರ, ಉಳಿದರ್ಧ ನನ್ನದೇ. ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. "ನನ್ನ ಸಾಲು ತಂದಿದ್ದೀನಿ," ಎಂದೆ. "ಇವತ್ತೇ ಹಾಡಿಬಿಡ್ತೀನಿ."

ಅವನು ಒಂದಿಷ್ಟು ಕಾಗದ ನನ್ನ ಕಡೆ ಸರಿಸಿದ. "ಅದಕ್ಕಲ್ಲ ಕರೆದದ್ದು. ಆ ಜಾಗವನ್ನೆಲ್ಲ ಹೋದ ತಿಂಗಳು ನಾನೇ ತುಂಬಿದೆ. ಪದ ಇಬ್ಬರದೂ ಅಲ್ವಾ, ಹೊರತರೋಕೆ ಕಂಪನಿಗೆ ನಿನ್ನ ಸಹಿ ಬೇಕಿತ್ತು."

ಕಾಗದ ಓದದೆ ಮೂರು ಕಡೆ ಸಹಿ ಹಾಕಿದೆ. ಮಿಕ್ಸ್‌ಚರ್ ತಿಂದೆವು, ಮಂಡಿನೋವಿನ ಬಗ್ಗೆ ಮಾತಾಡಿದೆವು.

ಬಾಗಿಲಲ್ಲಿ ಶೂ ಹಾಕಿಕೊಂಡು, ಅಭ್ಯಾಸಬಲದಿಂದ ಅದನ್ನೇ ಹೇಳಲು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

"ಹೋಗ್ತೀನಿ," ಎಂದೆ.

ಅವನು ತಲೆಯಾಡಿಸಿದ. "ಆವತ್ತೂ ಅಷ್ಟೇ ಹೇಳಿದ್ದರೆ ಸಾಕಿತ್ತು."